ಗುಮರ್ಸ್‌ಬಾಖ್‌ನಂಥ ಸಣ್ಣ ಊರಿನ ಹವ್ಯಾಸಿ ಹ್ಯಾಂಡ್‌ಬಾಲ್ ಕ್ಲಬ್ ಐದು ಸಲ ಯುರೋಪಿಯನ್ ಕಪ್ ಗೆದ್ದದ್ದು ನಿಜವೇ? ಹೇಗೆ ಗೆದ್ದಿತು?

ಕೆಲಸಕ್ಕೆಂದು ಕಲೋನ್‌ಗೆ ಬಂದಿದ್ದೀರಿ, ಆಫೀಸಿನಲ್ಲಿ ಯಾರೋ ವಿಎಫ್‌ಎಲ್ ಗುಮರ್ಸ್‌ಬಾಖ್ ಕಥೆ ಹೇಳಿದ್ದಾರೆ. ಅದು ನಂಬುವಂಥದ್ದೇ, ಪಂದ್ಯಕ್ಕೆ ಹೋದರೆ ಏನು ನೋಡಬೇಕು, ಕಾಲೇಜಿನಲ್ಲಿ ಮಣ್ಣಿನ ಅಂಕಣದಲ್ಲಿ ಆಡಿದ ನಾನು ಇಲ್ಲಿ ಯಾವುದಾದರೂ ಕ್ಲಬ್ ಸೇರಬಹುದೇ ಅಂತ ಕೇಳಿದ್ದೀರಿ.

ನಿಜ. ಯುರೋಪಿಯನ್ ಕಪ್ ಎಂದರೆ ಯುರೋಪಿನ ದೇಶಗಳ ಚಾಂಪಿಯನ್ ಕ್ಲಬ್‌ಗಳ ಟೂರ್ನಿ. ಅದನ್ನು ಗೆದ್ದದ್ದು 1967, 1970, 1971, 1974, 1983, ಹೀಗೆ ಐದು ಸಲ. ಜರ್ಮನ್ ಚಾಂಪಿಯನ್ ಪಟ್ಟ ಹನ್ನೆರಡು, ಜರ್ಮನ್ ಕಪ್ ಐದು. ಕಲೋನ್‌ನಿಂದ ಪೂರ್ವಕ್ಕೆ ಸುಮಾರು 50 ಕಿ.ಮೀ. ದೂರದ, ಐವತ್ತು ಸಾವಿರದಷ್ಟು ಜನರಿರುವ ಗುಡ್ಡಗಾಡಿನ ಊರು ಅದು. ಆದರೆ ಒಂದು ಮಾತು ಮೊದಲೇ ಸ್ಪಷ್ಟವಾಗಲಿ: ಇವತ್ತಿನ ಗುಮರ್ಸ್‌ಬಾಖ್ ತಂಡ ಹವ್ಯಾಸಿ ಅಲ್ಲ, ಸಂಬಳದ ಆಟಗಾರರ ವೃತ್ತಿಪರ ತಂಡ. ಸಹೋದ್ಯೋಗಿಗಳು ಹೆಮ್ಮೆಯಿಂದ ಹೇಳುವುದು ಅರುವತ್ತು, ಎಪ್ಪತ್ತರ ದಶಕದ ತಂಡದ ಬಗ್ಗೆ. ಆಗ ಪಶ್ಚಿಮ ಜರ್ಮನಿಯ ಹ್ಯಾಂಡ್‌ಬಾಲ್ ಆಟಗಾರರಿಗೆ ಬೇರೆ ಉದ್ಯೋಗ ಇರಲೇಬೇಕಿತ್ತು. ತಂಡದ ದೊಡ್ಡ ಹೆಸರು ಹಾನ್ಸಿ ಶ್ಮಿಟ್ ಶಾಲಾ ಶಿಕ್ಷಕರಾಗಿದ್ದರು. ಎಂಬತ್ತರ ದಶಕದ ಗೋಲ್‌ಕೀಪರ್ ಆಂಡ್ರೆಯಾಸ್ ಟೀಲ್ ಕಾನೂನು ಓದಿ ವಕೀಲರಾದವರು.

ಇನ್ನು ಅವರು ಫೈನಲ್‌ನಲ್ಲಿ ಸೋಲಿಸಿದ್ದು ಯಾರನ್ನು ಅಂತ ನೋಡಿ. 1967ರಲ್ಲಿ ಡುಕ್ಲಾ ಪ್ರಾಗ್, 17–13. ಅದು ಚೆಕೊಸ್ಲೊವಾಕಿಯಾ ಸೇನೆಯ ಕ್ಲಬ್. 1970ರಲ್ಲಿ ಪೂರ್ವ ಬರ್ಲಿನ್‌ನ ಡೈನಮೊ, 14–11. ಅದು ಪೊಲೀಸ್ ಮತ್ತು ಭದ್ರತಾ ಇಲಾಖೆಯ ಕ್ಲಬ್. 1971ರಲ್ಲಿ ರುಮೇನಿಯಾ ಸೇನೆಯ ಸ್ಟೆವಾ ಬುಕಾರೆಸ್ಟ್, 17–16. 1974ರಲ್ಲಿ ಮಾಸ್ಕೋದ ವಿಮಾನ ತಂತ್ರಜ್ಞಾನ ವಿದ್ಯಾಸಂಸ್ಥೆಯ ತಂಡ ಎಂಎಐ, 19–17. 1983ರಲ್ಲಿ ಸೋವಿಯತ್ ಸೇನೆಯ ಸಿಎಸ್‌ಕೆಎ ಮಾಸ್ಕೋ, ಎರಡು ಪಂದ್ಯ ಸೇರಿ 32–29. ಕಾಗದದ ಮೇಲೆ ಇವರೂ ಹವ್ಯಾಸಿಗಳೇ. ಆದರೆ ಸೈನಿಕ ಅಂತ ಹುದ್ದೆ ಕೊಟ್ಟು ದಿನವಿಡೀ ತರಬೇತಿ ಮಾಡಿಸುವುದಕ್ಕೂ, ಶಾಲೆಯ ಗಂಟೆ ಹೊಡೆದ ಮೇಲೆ ಸಂಜೆ ಹಾಲ್‌ಗೆ ಬರುವುದಕ್ಕೂ ಇರುವ ವ್ಯತ್ಯಾಸ ಆಡಿದವರಿಗೆ ಗೊತ್ತು. ಹಾಗಾಗಿ ಈ ಐದು ಕಪ್‌ಗಳಿಗೆ ನನ್ನ ಲೆಕ್ಕದಲ್ಲಿ ಇವತ್ತಿನ ಯಾವುದೇ ಟ್ರೋಫಿಗಿಂತ ತೂಕ ಹೆಚ್ಚು.

ಹೇಗೆ ಸಾಧ್ಯವಾಯಿತು? ಕ್ಲಬ್ ಹುಟ್ಟಿದ್ದು 1861ರಲ್ಲಿ, ವ್ಯಾಯಾಮ ಸಂಘವಾಗಿ. ಹ್ಯಾಂಡ್‌ಬಾಲ್ ವಿಭಾಗ ಶುರುವಾದದ್ದು 1923ರಲ್ಲಿ. ಆಗ ಜರ್ಮನಿಯಲ್ಲಿ ಹ್ಯಾಂಡ್‌ಬಾಲ್ ಎಂದರೆ ಫುಟ್‌ಬಾಲ್ ಮೈದಾನದಲ್ಲಿ ಹನ್ನೊಂದು ಹನ್ನೊಂದು ಜನ ಆಡುವ ಆಟ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಇದ್ದದ್ದು ಅದೇ. ಏಳು ಜನರ ಒಳಾಂಗಣ ಆಟ ಅದನ್ನು ಮೆಲ್ಲಗೆ ಬದಿಗೆ ಸರಿಸಿತು. ಮೈದಾನದ ಹ್ಯಾಂಡ್‌ಬಾಲ್‌ನ ಕೊನೆಯ ವಿಶ್ವಕಪ್ ನಡೆದದ್ದು 1966ರಲ್ಲಿ. ಅದೇ ವರ್ಷ ಗುಮರ್ಸ್‌ಬಾಖ್ ಮೊದಲ ಸಲ ಒಳಾಂಗಣ ಚಾಂಪಿಯನ್ ಆಯಿತು. 1966–67ರಲ್ಲಿ ದೇಶದ ಅಗ್ರ ಲೀಗ್ ಆದ ಬುಂಡೆಸ್‌ಲೀಗ ಶುರುವಾದಾಗ ಮೊದಲ ಪಟ್ಟವೂ ಅವರದೇ. ಆಟ ಒಂದು ರೂಪದಿಂದ ಇನ್ನೊಂದಕ್ಕೆ ಹೊರಳುವಾಗ ಹಳೆಯ ದೊಡ್ಡ ಕ್ಲಬ್‌ಗಳ ಯಜಮಾನಿಕೆ ಸಡಿಲವಾಗುತ್ತದೆ. ಸಣ್ಣ ಊರಿಗೆ ಬಾಗಿಲು ತೆರೆದದ್ದು ಆಗ.

ಎರಡನೇ ಕಾರಣ ಹಾನ್ಸಿ ಶ್ಮಿಟ್. ರುಮೇನಿಯಾದ ಬನಾಟ್ ಪ್ರದೇಶದ ಜರ್ಮನ್ ಮನೆತನದವರು. ಸ್ಟೆವಾ ಬುಕಾರೆಸ್ಟ್‌ಗೂ ರುಮೇನಿಯಾ ತಂಡಕ್ಕೂ ಆಡುತ್ತಿದ್ದವರು 1963ರಲ್ಲಿ ಪಶ್ಚಿಮ ಜರ್ಮನಿ ಪ್ರವಾಸಕ್ಕೆ ಬಂದಾಗ ವಾಪಸ್ ಹೋಗಲಿಲ್ಲ. ಸೇನೆಯ ಕ್ಲಬ್ ಆದ್ದರಿಂದ ಅದು ಅಲ್ಲಿ ಸೈನ್ಯ ತೊರೆದ ಅಪರಾಧ. ಆಗ ಹ್ಯಾಂಡ್‌ಬಾಲ್ ವಿದ್ಯೆಯಲ್ಲಿ ರುಮೇನಿಯಾ ಜಗತ್ತಿಗೇ ಮುಂದಿತ್ತು. ಆ ವಿದ್ಯೆ ಶ್ಮಿಟ್ ಜೊತೆ ಈ ಊರಿಗೆ ಬಂತು. 1967ರಿಂದ 1971ರವರೆಗೆ ಸತತ ಐದು ಸೀಸನ್ ಬುಂಡೆಸ್‌ಲೀಗದಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಅವರೇ. 1971ರ ಫೈನಲ್‌ನಲ್ಲಿ ಒಂದೇ ಗೋಲಿನಿಂದ ಸೋತದ್ದು ಅವರ ಹಳೆಯ ಕ್ಲಬ್ ಸ್ಟೆವಾ.

ಅವರ ಅಸ್ತ್ರವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಪಂದ್ಯಕ್ಕೆ ಹೋದಾಗ ನಿಮ್ಮ ಕಣ್ಣಿಗೆ ಬೀಳಬೇಕಾದದ್ದು ಇದೇ. ಜರ್ಮನ್ನರು ಅದನ್ನು ತಡಮಾಡಿದ ಜಂಪ್ ಶಾಟ್ ಎನ್ನುತ್ತಾರೆ. ಬಲಗೈ ಆಟಗಾರ ಎಡ, ಬಲ, ಎಡ ಅಂತ ಮೂರು ಹೆಜ್ಜೆ ಇಟ್ಟು, ಗೋಲ್‌ಪೋಸ್ಟ್‌ನಿಂದ 9 ಮೀಟರ್ ದೂರದ ಗೆರೆಯ ಆಸುಪಾಸಿನಲ್ಲಿ ಎಡಗಾಲಿನಿಂದ ಮೇಲೇಳುತ್ತಾನೆ. ವಾಲಿಬಾಲ್‌ನಲ್ಲಿ ಬ್ಲಾಕ್‌ಗೆ ಎಗರುವ ಹಾಗೆ ಎದುರಿನ ಇಬ್ಬರು ಕೈಯೆತ್ತಿ ಎಗರುತ್ತಾರೆ. ಸಾಧಾರಣ ಆಟಗಾರ ನೆಗೆತದ ತುದಿಯಲ್ಲೇ ಎಸೆಯುತ್ತಾನೆ; ಬ್ಲಾಕ್ ಅದಕ್ಕೇ ಕಾದಿರುತ್ತದೆ, ಗೋಲಿಯೂ (ಅಂದರೆ ಗೋಲ್‌ಕೀಪರ್) ಅದೇ ಲೆಕ್ಕದಲ್ಲಿ ಕಾಲು ಎತ್ತಿರುತ್ತಾನೆ. ಶ್ಮಿಟ್ ಎಸೆಯುತ್ತಿರಲಿಲ್ಲ. ಚೆಂಡು ಹಿಡಿದ ಕೈ ತಲೆಯ ಹಿಂದೆ ಹಾಗೇ ನಿಂತಿರುತ್ತಿತ್ತು. ಬ್ಲಾಕ್ ಮಾಡುವವರ ಕೈ ಇಳಿಯಲು ಶುರುವಾದ ಕ್ಷಣದಲ್ಲಿ, ತಾನೂ ಕೆಳಗೆ ಬರುತ್ತಿರುವಾಗ, ಮಣಿಕಟ್ಟು ಬೀಸಿ ಬಿಡುತ್ತಿದ್ದರು. ಗೋಲಿ ಆಗಲೇ ಒಂದು ಬದಿಗೆ ವಾಲಿಬಿಟ್ಟಿರುತ್ತಾನೆ.

ಹೊಸಬರು ಇದನ್ನು ಮಾಡಲು ಹೋದರೆ ಎರಡು ಕಡೆ ಕೆಡುತ್ತದೆ. ಒಂದು, ಓಟದ ವೇಗವನ್ನೆಲ್ಲ ಮುಂದಕ್ಕೆ ಕೊಟ್ಟು ಮೇಲಕ್ಕೆ ಸಾಕಷ್ಟು ಏಳದೆ, ಎದುರಿನವನ ಎದೆಗೇ ಬಡಿಯುವುದು. ಅದು ಆಕ್ರಮಣದವನ ಫೌಲ್. ಕೊನೆಯ ಹೆಜ್ಜೆಯಲ್ಲಿ ಹಿಮ್ಮಡಿ ಊರಿ ವೇಗವನ್ನು ಮೇಲಕ್ಕೆ ತಿರುಗಿಸಬೇಕು. ಇನ್ನೊಂದು, ಕಾಯುವಾಗ ಮೊಣಕೈ ಹೆಗಲಿಗಿಂತ ಕೆಳಗಿಳಿಯುವುದು. ಆಗ ಹೆಗಲು ತಿರುಗಿದ ಬಲ ಹೋಗಿ ಚೆಂಡು ಬರೀ ಕೈಯ ಬಲದಲ್ಲಿ ಹೋಗುತ್ತದೆ, ಗೋಲಿಗೆ ಸಲೀಸು. ಮೂರು ಹೆಜ್ಜೆಯ ಲೆಕ್ಕವೂ ನೆನಪಿರಲಿ. ಗಾಳಿಯಲ್ಲಿ ಚೆಂಡು ಹಿಡಿದು ಇಳಿದಾಗ ನೆಲ ಮುಟ್ಟಿದ ಮೊದಲ ಕಾಲು ಹೆಜ್ಜೆಯ ಲೆಕ್ಕಕ್ಕೆ ಬರುವುದಿಲ್ಲ, ಅದರ ನಂತರ ಮೂರು.

ಮೂರನೇ ಕಾರಣ ಕ್ಲಬ್‌ನ ಆಡಳಿತ. ಊರಿನ ಹಾಲ್‌ನಲ್ಲಿ ಹಿಡಿಯುತ್ತಿದ್ದದ್ದು ಎರಡು ಸಾವಿರ ಚಿಲ್ಲರೆ ಜನ. ವ್ಯವಸ್ಥಾಪಕ ಆಯ್ಗೆನ್ ಹಾಸ್ ದೊಡ್ಡ ಪಂದ್ಯಗಳನ್ನು ಡಾರ್ಟ್ಮುಂಡ್‌ನ ವೆಸ್ಟ್‌ಫಾಲನ್‌ಹಾಲೆಗೆ ಒಯ್ದರು. ಅಲ್ಲಿ ಹತ್ತು ಸಾವಿರ ಮೀರಿ ಜನ ಸೇರುತ್ತಿದ್ದರು. ಟಿಕೆಟ್ ದುಡ್ಡೇ ಮುಖ್ಯ ಆದಾಯವಾಗಿದ್ದ ಕಾಲದಲ್ಲಿ ಸಣ್ಣ ಊರಿನ ಕ್ಲಬ್ ದೊಡ್ಡ ನಗರದ ಕ್ಲಬ್‌ಗೆ ಸಮನಾಗಲು ಇದ್ದ ದಾರಿ ಇದೊಂದೇ ಎನ್ನಬೇಕು. ಊರಿನ ಹಳೆಯ ಹಾಲ್‌ಗೆ ಮುಂದೆ ಹಾಸ್ ಹೆಸರೇ ಬಂತು. ತಂಡದ ಬೇರು ಮಾತ್ರ ಊರಿನಲ್ಲೇ ಇತ್ತು. ಕ್ಲಾಸ್, ಯೋಖನ್, ಹೈನರ್ ಬ್ರಾಂಡ್ ಎಂಬ ಮೂವರು ಸಹೋದರರೂ ಇದೇ ಕ್ಲಬ್‌ನವರು. ಹೈನರ್ 1978ರಲ್ಲಿ ಆಟಗಾರರಾಗಿ, 2007ರಲ್ಲಿ ಕೋಚ್ ಆಗಿ ಜರ್ಮನಿಗೆ ವಿಶ್ವಕಪ್ ಗೆದ್ದುಕೊಟ್ಟರು.

ಈ ಇತಿಹಾಸದಲ್ಲಿ ಮನಸ್ಸು ಕಲಕುವ ದಿನ 1979ರ ಮಾರ್ಚ್ 30. ಹಂಗೇರಿಯ ಟಾಟಾಬಾನ್ಯಾದಲ್ಲಿ ಕಪ್ ವಿಜೇತರ ಟೂರ್ನಿಯ ಸೆಮಿಫೈನಲ್. ಆಗ ಜಗತ್ತಿನ ಅತ್ಯುತ್ತಮರ ಸಾಲಿನಲ್ಲಿದ್ದ, 25 ವರ್ಷದ ಯೋಆಖಿಮ್ ಡೆಕಾರ್ಮ್ ಎದುರಾಳಿಗೆ ಡಿಕ್ಕಿ ಹೊಡೆದು ಬಿದ್ದರು, ತಲೆ ನೆಲಕ್ಕೆ ಬಡಿಯಿತು. ಕಾಂಕ್ರೀಟ್ ನೆಲ, ಮೇಲೆ ತೆಳುವಾದ ಹೊದಿಕೆ ಅಷ್ಟೆ. 131 ದಿನ ಕೋಮಾದಲ್ಲಿದ್ದರು. ಆಮೇಲೆ ನಡೆಯುವುದು, ಮಾತಾಡುವುದನ್ನು ಮೊದಲಿನಿಂದ ಕಲಿಯಬೇಕಾಯಿತು. ನೀವು ಸೇರುವ ಕ್ಲಬ್ ಎಷ್ಟೇ ಸಣ್ಣದಿರಲಿ, ಮೊದಲು ನೆಲ ನೋಡಿ ಅಂತ ನಾನು ಹೇಳುವುದು ಇದಕ್ಕೇ. ಒಳ್ಳೆಯ ನೆಲದ ಮೇಲೆ ಜೋರಾಗಿ ಎಗರಿ ಇಳಿದರೆ ಅದು ಸ್ವಲ್ಪ ಬಗ್ಗಿ ಏಟನ್ನು ಹೀರಿಕೊಳ್ಳುತ್ತದೆ, ಹಿಮ್ಮಡಿಗೆ ಕಲ್ಲಿನ ಮೇಲೆ ಇಳಿದ ಹಾಗೆ ಅನ್ನಿಸುವುದಿಲ್ಲ.

1982–83ರಲ್ಲಿ ಲೀಗ್, ಜರ್ಮನ್ ಕಪ್, ಯುರೋಪಿಯನ್ ಕಪ್ ಮೂರನ್ನೂ ಒಟ್ಟಿಗೆ ಗೆದ್ದ ತಂಡದಲ್ಲಿ 2 ಮೀಟರ್ ಮೀರಿದ ಎತ್ತರದ ಎರ್ಹಾರ್ಡ್ ವುಂಡರ್ಲಿಖ್ ಮತ್ತು ಗೋಲಿಯಾಗಿ ಟೀಲ್ ಇದ್ದರು. ಅದೇ ಬೇಸಿಗೆಯಲ್ಲಿ ವುಂಡರ್ಲಿಖ್ ಬಾರ್ಸಿಲೋನಾಕ್ಕೆ ಹೋದರು. ದುಡ್ಡಿನ ಕಾಲ ಬಂತು ಎನ್ನುವುದಕ್ಕೆ ಅದೊಂದು ಗುರುತು. ಕೊನೆಯ ಲೀಗ್ ಪಟ್ಟ 1991ರದು. ಆಮೇಲೆ ಹಣದ ಮುಗ್ಗಟ್ಟು, ಕಲೋನ್‌ನ ದೊಡ್ಡ ಅರೀನಾದಲ್ಲಿ ಕೆಲವು ವರ್ಷ ಆಟ, 2009, 2010, 2011ರಲ್ಲಿ ಯುರೋಪಿನ ಎರಡನೇ ಸಾಲಿನ ಕಪ್‌ಗಳು. 1966ರಿಂದ ಒಂದು ಸೀಸನ್ನೂ ತಪ್ಪದೆ ಬುಂಡೆಸ್‌ಲೀಗದಲ್ಲಿದ್ದ ತಂಡ 2019ರಲ್ಲಿ ಮೊದಲ ಸಲ ಕೆಳಗಿಳಿಯಿತು. ಕೋಚ್ ಗುಡ್ಯೊನ್ ವಾಲುರ್ ಸಿಗುರ್ಡ್‌ಸನ್ ಕೈಯಲ್ಲಿ 2022ರಲ್ಲಿ ಮತ್ತೆ ಮೇಲೆ ಬಂತು. ಐಸ್‌ಲ್ಯಾಂಡ್‌ನ ಅವರು ಹಿಂದೆ ಇದೇ ಕ್ಲಬ್‌ಗೆ ಆಡಿದವರು.

ಪಂದ್ಯಕ್ಕೆ ಹೋಗುವುದು ಸುಲಭ. ಕಲೋನ್‌ನಿಂದ ಆರ್‌ಬಿ 25 ರೈಲು ಹಿಡಿದು ಗುಮರ್ಸ್‌ಬಾಖ್‌ನಲ್ಲಿ ಇಳಿದರೆ, 2013ರಲ್ಲಿ ತೆರೆದ ಶ್ವಾಲ್ಬೆ ಅರೀನಾಕ್ಕೆ ನಡೆದೇ ಹೋಗಬಹುದು. ಹಿಂದೆ ಸ್ಟೈನ್‌ಮ್ಯುಲ್ಲರ್ ಬಾಯ್ಲರ್ ಕಾರ್ಖಾನೆ ಇದ್ದ ಜಾಗ ಅದು. ನಾಲ್ಕು ಸಾವಿರ ಚಿಲ್ಲರೆ ಜನರಿಗೆ ಜಾಗವಿದೆ, ಆದ್ದರಿಂದ ಕೀಲ್‌ನಂಥ ದೊಡ್ಡ ತಂಡ ಬರುವ ದಿನದ ಟಿಕೆಟ್ ಮೊದಲೇ ತೆಗೆದುಕೊಳ್ಳಿ. ಸಾಧ್ಯವಾದರೆ ಗೋಲಿನ ಹಿಂದೆ ಬೇಡ, ಉದ್ದದ ಬದಿಯಲ್ಲಿ ಸ್ವಲ್ಪ ಮೇಲೆ ಕೂರಿ. 6 ಮೀಟರ್ ಮತ್ತು 9 ಮೀಟರ್ ಗೆರೆಗಳ ನಡುವೆ ನಡೆಯುವ ತಳ್ಳಾಟ ಅಲ್ಲಿಂದಲೇ ಕಾಣುವುದು. ರೆಫರಿ ಕೈ ಮೇಲೆತ್ತಿ ಹಿಡಿದರೆ, ಕಾಲಹರಣ ಮಾಡುತ್ತಿದ್ದೀರಿ ಎಂಬ ಎಚ್ಚರಿಕೆ. 2022ರ ನಿಯಮದಂತೆ ಅಲ್ಲಿಂದ ಹೆಚ್ಚೆಂದರೆ ನಾಲ್ಕು ಪಾಸ್‌ಗಳಲ್ಲಿ ಹೊಡೆಯಲೇಬೇಕು. ಗೋಲಿಯನ್ನು ಹೊರಗೆ ಕರೆಸಿ ಏಳು ಜನ ಆಕ್ರಮಣ ಮಾಡುವುದನ್ನೂ ನೋಡುತ್ತೀರಿ. ಆಗ ಒಂದು ಪಾಸ್ ತಪ್ಪಿದರೆ ಎದುರಾಳಿ ಅರ್ಧ ಅಂಕಣದಿಂದಲೇ ಖಾಲಿ ಗೋಲ್‌ಪೋಸ್ಟ್‌ಗೆ ಎಸೆಯುತ್ತಾನೆ.

ಇನ್ನು ನೀವು ಸೇರುವ ವಿಷಯ. ಸೇರಬಹುದು, ಖಂಡಿತ ಸೇರಿ. ಬುಂಡೆಸ್‌ಲೀಗದ ಕೆಳಗೆ ಎರಡನೇ, ಮೂರನೇ ಲೀಗ್ ದಾಟಿ ಜಿಲ್ಲಾ ಮಟ್ಟದವರೆಗೆ ಇಳಿಯುತ್ತಾ ಹೋದರೆ ನಿಜವಾದ ಹವ್ಯಾಸಿ ಹ್ಯಾಂಡ್‌ಬಾಲ್ ಸಿಗುತ್ತದೆ. ಮನೆ ಹತ್ತಿರದ ಕ್ಲಬ್‌ಗೆ ಬರೆದು ‘ಪ್ರೋಬೆಟ್ರೈನಿಂಗ್’ ಕೇಳಿ, ಅಂದರೆ ಸದಸ್ಯರಾಗುವ ಮೊದಲು ಒಂದೆರಡು ದಿನ ಬಂದು ಆಡಿ ನೋಡುವುದು. ಸೀಸನ್ ಶರತ್ಕಾಲಕ್ಕೆ ಶುರುವಾಗಿ ವಸಂತದವರೆಗೆ ನಡೆಯುತ್ತದೆ. ಬೇಸಿಗೆಯ ತಯಾರಿ ಶುರುವಾಗುವಾಗ ಹೋದರೆ ತಂಡದೊಳಗೆ ಬೆರೆಯುವುದು ಸುಲಭ. ನೆಲಕ್ಕೆ ಕಪ್ಪು ಗುರುತು ಬೀಳದ ಸೋಲ್‌ನ ಒಳಾಂಗಣ ಶೂ ಬೇಕು, ಹೊರಗೆ ಹಾಕಿಕೊಂಡು ತಿರುಗಿದ ಶೂ ಒಳಗೆ ಬಿಡುವುದಿಲ್ಲ. ಪಂದ್ಯ ಆಡಲು ಆಟಗಾರರ ಪರವಾನಗಿ ಮಾಡಿಸಬೇಕು. ಭಾರತದಲ್ಲಿ ಹಿಂದೆ ಫೆಡರೇಷನ್ ನೋಂದಣಿ ಆಗಿದ್ದರೆ ಅದನ್ನು ಮೊದಲ ದಿನವೇ ಹೇಳಿಬಿಡಿ. ಅಂತರರಾಷ್ಟ್ರೀಯ ವರ್ಗಾವಣೆಯ ಕಾಗದಪತ್ರ ಬೇಕಾಗಬಹುದು. ಅದನ್ನು ಮುಚ್ಚಿಟ್ಟು ಆಡಿದರೆ ತಂಡದ ಅಂಕಗಳಿಗೇ ಸಂಚಕಾರ.

ಮಣ್ಣಿನ ಅಂಕಣದಿಂದ ಬಂದವರಿಗೆ ಇಲ್ಲಿ ಹೊಸದಾಗಿ ಕಾಣುವುದು ಅಂಟು. ದೊಡ್ಡ ತಂಡಗಳವರು ಜೇನುತುಪ್ಪದಷ್ಟು ಮಂದವಾದ ರಾಳವನ್ನು ಬೆರಳಿಗೆ ಹಚ್ಚುತ್ತಾರೆ. ಶೂ ಮೇಲೆ ಒಂದು ಉಂಡೆ ಮೆತ್ತಿಕೊಂಡಿದ್ದು, ಆಟದ ನಡುವೆ ಬಗ್ಗಿ ಎರಡು ಬೆರಳಲ್ಲಿ ತೆಗೆಯುವುದನ್ನು ಅರೀನಾದಲ್ಲಿ ಗಮನಿಸಿ. ಗಂಡಸರ ಚೆಂಡಿನ ಸುತ್ತಳತೆ 58–60 ಸೆಂ.ಮೀ., ತೂಕ 425–475 ಗ್ರಾಂ. ಅಂಟಿದ್ದರೆ ಅದು ಒಂದೇ ಕೈಯಲ್ಲಿ ಕೂರುತ್ತದೆ. ಆದರೆ ಊರಿನ ಶಾಲಾ ಹಾಲ್‌ಗಳಲ್ಲಿ ನೆಲ ಹಾಳಾಗುತ್ತದೆಂದು ಅಂಟನ್ನು ನಿಷೇಧಿಸಿರುವುದು ಸಾಮಾನ್ಯ. ಹಾಗಾಗಿ ಮೊದಲೇ ಕೇಳಿಕೊಳ್ಳಿ. ನಿಷೇಧವಿದ್ದರೆ ನಿಮಗೆ ಲಾಭವೇ: ಒಣ ಚೆಂಡನ್ನು ಬೆರಳ ತುದಿಯಲ್ಲಿ ಹಿಡಿದು ಎಸೆಯುವ ಅಭ್ಯಾಸ ನಿಮಗಿದೆ. ಅಂಟಿರುವ ಹಾಲ್ ಆದರೆ ಮೊದಲ ವಾರಗಳಲ್ಲಿ ನಿಮ್ಮ ಎಸೆತಗಳೆಲ್ಲ ನೆಲಕ್ಕೆ ಬಡಿಯುತ್ತವೆ, ಏಕೆಂದರೆ ಚೆಂಡು ಕೈಯಿಂದ ನೀವು ಅಂದುಕೊಂಡದ್ದಕ್ಕಿಂತ ತಡವಾಗಿ ಬಿಡುತ್ತದೆ. ಗುರಿಯನ್ನು ಬದಲಿಸಬೇಡಿ, ಚೆಂಡನ್ನು ಸ್ವಲ್ಪ ಮೊದಲೇ ಬಿಡಿ.