ಓದುಗರ ಪ್ರಶ್ನೆ, ನಮ್ಮ ಉತ್ತರ: ಮಗುವಿನ ಮನೆಮಾತಿಗೆ ಶಾಲೆಯಲ್ಲಿ ಜಾಗ ಎಲ್ಲಿ?

ಹಿಂದಿನ ಸಂಚಿಕೆಯಲ್ಲಿ ಮಾತೃಭಾಷೆ ಆಧಾರಿತ ಬಹುಭಾಷಾ ಶಿಕ್ಷಣದ ಬಗ್ಗೆ ಬರೆದಿದ್ದೆ. ಹೆಸರು ದೊಡ್ಡದು, ವಿಷಯ ಸರಳ. ಮಗು ಮನೆಯಲ್ಲಿ ಆಡುವ ಮಾತಿನಲ್ಲೇ ಓದು, ಬರಹ, ಲೆಕ್ಕ ಶುರುವಾಗಬೇಕು. ಬೇರೆ ಭಾಷೆಗಳು ಒಂದೊಂದಾಗಿ, ಮೊದಲು ಮಾತಾಗಿ ಆಮೇಲೆ ಓದಾಗಿ ಬರಬೇಕು. ಮನೆಮಾತನ್ನು ಮಧ್ಯದಲ್ಲಿ ಕೈಬಿಡಬಾರದು. ಇದಕ್ಕೆ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ, ಯಾಕೆಂದರೆ ಇಂಥ ತರಗತಿಗಳು ನಮ್ಮಲ್ಲಿ ತುಂಬಾ ಇವೆ, ಅವುಗಳ ಬಗ್ಗೆ ಮಾತಾಡುವವರು ಕಡಿಮೆ.

ಪ್ರಶ್ನೆ: ಮೇಡಂ, ನಾನು ವಿಜಯಪುರ ಜಿಲ್ಲೆಯ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಲಿ-ಕಲಿ (ಚಟುವಟಿಕೆ, ಕಾರ್ಡುಗಳ ಮೂಲಕ ಕಲಿಸುವ ಪದ್ಧತಿ) ಶಿಕ್ಷಕಿ. ಮಕ್ಕಳೆಲ್ಲ ಪಕ್ಕದ ತಾಂಡಾದವರು, ಮನೆಯಲ್ಲಿ ಲಂಬಾಣಿ. ನನಗೆ ಆ ಭಾಷೆ ಬರುವುದಿಲ್ಲ. ಅದರಲ್ಲಿ ಮೊದಲು ಕಲಿಸುವ ಅಕ್ಷರಗಳಾದ 'ರ ಗ ಸ ದ ಅ' ಮುಗಿಸಿದ್ದೇವೆ. ಒಂದನೇ ತರಗತಿಯ ಹುಡುಗಿಯೊಬ್ಬಳು 'ಗರಗಸ', 'ಅರಸ' ಅಂತ ಪಟಪಟ ಓದುತ್ತಾಳೆ. ಹಾಗಂದರೆ ಏನು ಎಂದು ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಾಳೆ. ಶಾಲೆಯಲ್ಲಿ ಲಂಬಾಣಿ ಆಡಲು ಬಿಡಬೇಡಿ, ಕನ್ನಡ ಹಿಂದೆ ಬೀಳುತ್ತದೆ ಎಂದು ಜೊತೆಯ ಶಿಕ್ಷಕರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಆ ಹುಡುಗಿ ತಲೆ ತಗ್ಗಿಸಿದ್ದನ್ನು ನೀವು ಗಮನಿಸಿದಿರಲ್ಲ, ಅರ್ಧ ಕೆಲಸ ಅಲ್ಲೇ ಆಯಿತು. ಎಷ್ಟೋ ಕಡೆ ಮಗು ಪಟಪಟ ಓದಿದ ತಕ್ಷಣ ಮುಂದಿನ ಕಾರ್ಡು ಕೊಟ್ಟುಬಿಡುತ್ತಾರೆ. ಅವಳು ಅಕ್ಷರ ಕಲಿತಿದ್ದಾಳೆ, ಓದು ಇನ್ನೂ ಶುರುವಾಗಿಲ್ಲ. ಕನ್ನಡ ಮನೆಯ ಮಗುವಿಗೂ ಗರಗಸ ಗೊತ್ತಿಲ್ಲದೆ ಇರಬಹುದು, ಆದರೆ ಆ ಮಗು 'ಅದು ಏನು ಟೀಚರ್?' ಎಂದು ಕೇಳುತ್ತದೆ. ನಿಮ್ಮ ಹುಡುಗಿಗೆ ಆ ಪ್ರಶ್ನೆ ಕೇಳುವಷ್ಟು ಕನ್ನಡವೂ ಇಲ್ಲ. ಮಗು ಸುಮ್ಮನಿದ್ದರೆ ನಾವು ದಡ್ಡತನ ಅಂದುಕೊಳ್ಳುತ್ತೇವೆ. ನನಗೆ ಅತಿ ಹೆಚ್ಚು ನೋವಾಗುವುದು ಈ ಮಾತಿಗೇ.

ಜೊತೆಯವರ ಭಯಕ್ಕೆ ಆಧಾರವಿಲ್ಲ. ಒಂದು ಭಾಷೆಯಲ್ಲಿ ಕಲಿತ ಓದು ಇನ್ನೊಂದಕ್ಕೆ ದಾಟಿಕೊಳ್ಳುತ್ತದೆ. ಎಡದಿಂದ ಬಲಕ್ಕೆ ಸಾಲು ಹಿಡಿಯುವುದು, ಮುಂದೇನು ಬರಬಹುದು ಎಂದು ಊಹಿಸುವುದು, ಕಥೆಯ ಎಳೆ ಹಿಡಿಯುವುದು, ಇದನ್ನೆಲ್ಲ ಎರಡು ಸಲ ಕಲಿಯಬೇಕಿಲ್ಲ. ಕೆನಡಾದ ಭಾಷಾ ಶಿಕ್ಷಣ ತಜ್ಞ ಜಿಮ್ ಕಮಿನ್ಸ್ ದಶಕಗಳಿಂದ ಹೇಳುತ್ತಿರುವುದು ಇದನ್ನೇ.

ಈಗ ಕೆಲಸಕ್ಕೆ ಬರೋಣ. ನಿಮಗೆ ಲಂಬಾಣಿ ಬರದಿದ್ದರೂ ಶಾಲೆಯ ಸುತ್ತ ಬರುವವರಿದ್ದಾರೆ. ಬಿಸಿಯೂಟದ ಅಡುಗೆಯವರು ತಾಂಡಾದವರೇ ಇರಬಹುದು, ನೋಡಿ. ಊಟದ ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಕೂತು ಒಂದು ಕಥೆ ಹೇಳಲಿ. ನೀವೂ ಮಕ್ಕಳ ಜೊತೆ ನೆಲದ ಮೇಲೆ ಕೂತು ಕೇಳಿ. ಅರ್ಥವಾಗದ ಕಡೆ ಮಕ್ಕಳನ್ನೇ ಕೇಳಿ. ಟೀಚರ್‌ಗೆ ತಾವು ಕಲಿಸಬಹುದು ಎಂದು ಗೊತ್ತಾದ ದಿನ ಆ ಮಕ್ಕಳ ಬಾಯಿ ತೆರೆಯುತ್ತದೆ, ಆಮೇಲೆ ಮುಚ್ಚಿಸುವುದೇ ಕಷ್ಟ! ಆ ಕಥೆಯ ನಾಲ್ಕು ಸಾಲನ್ನು ಕನ್ನಡ ಲಿಪಿಯಲ್ಲಿ, ಲಂಬಾಣಿಯಲ್ಲೇ ಬೋರ್ಡಿನ ಮೇಲೆ ಬರೆಯಿರಿ. ರ, ಗ, ಸ, ದ ಎಲ್ಲೆಲ್ಲಿವೆ ಹುಡುಕಿಸಿ. ಅಕ್ಷರ ಅದೇ, ಆದರೆ ಈಗ ಅದರೊಳಗೆ ಅರ್ಥ ಇದೆ. ರೊಟ್ಟಿಯ ಚಿತ್ರ ತೋರಿಸಿದಾಗ ಮಗು 'ಬಾಟಿ' ಎಂದರೆ ಅದು ಸರಿ ಉತ್ತರ. ಹೌದು, ಬಾಟಿ ಎಂದು ಒಪ್ಪಿಕೊಂಡು, ಕನ್ನಡದಲ್ಲಿ ರೊಟ್ಟಿ ಅನ್ನುತ್ತೇವೆ ಎಂದು ಸೇರಿಸಿ. ತಪ್ಪು ಅಂದುಬಿಟ್ಟರೆ ಅವರ ಅವ್ವ ದಿನಾ ಮನೆಯಲ್ಲಿ ಆಡುವ ಮಾತೇ ತಪ್ಪು ಎಂದು ಹೇಳಿದ ಹಾಗೆ.

ಲೆಕ್ಕಕ್ಕೆ ಲಂಬಾಣಿ ಕಸೂತಿಗಿಂತ ಒಳ್ಳೆಯ ಸಾಮಾನು ಬೇಕಾ? ಅಜ್ಜಿಯರ ಹಳೆಯ ರವಿಕೆಯ ಮೇಲೆ ಎಷ್ಟು ಕನ್ನಡಿ ಚೂರು, ಎಷ್ಟು ಕವಡೆ, ಒಂದು ಸಾಲಿನಲ್ಲಿ ಎಷ್ಟು ಎಂದು ಅವರ ಮಾತಿನಲ್ಲೇ ಎಣಿಸಲಿ. ಗುಣಾಕಾರ ಅಲ್ಲಿಯೇ ಹೊಲಿದು ಇಟ್ಟಿದೆ. ಎಣಿಸಿ ಮುಗಿದ ಮೇಲೆ ಕನ್ನಡದ ಅಂಕಿಗಳನ್ನು ಹೇಳಿಕೊಡಿ.

ಕನ್ನಡವನ್ನು ಮುಂದಕ್ಕೆ ಹಾಕಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ದಿನಾ ಕನ್ನಡದ ಹಾಡು, ಆಟ, ಮಾತು ಬೇಕೇ ಬೇಕು, ಈ ಮಕ್ಕಳಿಗೆ ಕನ್ನಡ ಕಿವಿಗೆ ಬೀಳುವ ಮುಖ್ಯ ಜಾಗವೇ ನಿಮ್ಮ ಶಾಲೆ. ಆದರೆ ಹೊಸ ವಿಷಯ ಮತ್ತು ಹೊಸ ಭಾಷೆ ಎರಡನ್ನೂ ಒಂದೇ ಹೊತ್ತಿಗೆ ತಲೆ ಮೇಲೆ ಹಾಕಬೇಡಿ. ಇನ್ನೊಂದು ಮಾತು, ಕಬ್ಬು ಕಡಿಯಲು ಹೋದ ತಂದೆತಾಯಿ ಜೊತೆ ಹೋಗಿ ತಿಂಗಳುಗಟ್ಟಲೆ ಬಿಟ್ಟು ಬರುವ ಮಕ್ಕಳನ್ನು ಮತ್ತೆ ಮೊದಲಿನಿಂದ ಕೂರಿಸಬೇಡಿ. ಬಂದ ದಿನ ಮನೆಮಾತಿನಲ್ಲಿ ಮಾತಾಡಿಸಿ, ಉಳಿದದ್ದು ಬೇಗ ನೆನಪಿಗೆ ಬರುತ್ತದೆ.

ಪ್ರಶ್ನೆ: ಕರ್ನಾಟಕದಲ್ಲಿ ಎಲ್ಲ ಶಾಲೆಗಳಿಗೂ ಕನ್ನಡ ಮಾಧ್ಯಮ ಕಡ್ಡಾಯ ಮಾಡಿದರೆ ಈ ಸಮಸ್ಯೆಯೇ ಇರುವುದಿಲ್ಲ, ಅಲ್ವಾ? — ಓದುಗರು, ದಾವಣಗೆರೆ

ಉತ್ತರ: ಕಾನೂನಿನ ಪ್ರಕಾರ ಆಗುವುದಿಲ್ಲ. 1ರಿಂದ 4ನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕೆಂದು 1994ರಲ್ಲಿ ಸರ್ಕಾರ ಆದೇಶ ಮಾಡಿತ್ತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹಾಗೆ ಒತ್ತಾಯಿಸುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಕನ್ನಡವನ್ನು ಒಂದು ಭಾಷೆಯಾಗಿ ಎಲ್ಲ ಶಾಲೆಗಳೂ ಕಲಿಸಬೇಕೆಂಬ ಕಾಯ್ದೆ 2015ರಲ್ಲಿ ಬಂತು, ಅದು ಬೇರೆ ವಿಷಯ. ಕಾನೂನನ್ನು ಪಕ್ಕಕ್ಕಿಟ್ಟರೂ ನಿಮ್ಮ ಸಲಹೆಯಿಂದ ಮೇಲಿನ ಪತ್ರದ ಹುಡುಗಿಗೆ ಏನು ಸಿಕ್ಕಿತು? ಅವಳು ಈಗಲೇ ಕನ್ನಡ ಮಾಧ್ಯಮದಲ್ಲಿದ್ದಾಳೆ. 2011ರ ಜನಗಣತಿ ಪ್ರಕಾರ ನಮ್ಮ ರಾಜ್ಯದಲ್ಲಿ ಕನ್ನಡ ಮಾತೃಭಾಷೆ ಎಂದವರು ಸುಮಾರು ಶೇ 66. ಉಳಿದವರೂ ನಮ್ಮವರೇ. ಕನ್ನಡಕ್ಕಾಗಿ ಇಂಗ್ಲಿಷಿನ ಎದುರು ನಾವು ಯಾವ ವಾದ ಹೂಡುತ್ತೇವೋ ಅದೇ ವಾದವನ್ನು ಲಂಬಾಣಿ, ತುಳು, ಉರ್ದು, ಜೇನುಕುರುಬ ಮಕ್ಕಳು ನಮ್ಮ ಮುಂದೆ ಇಡಬಹುದು.

ಪ್ರಶ್ನೆ: ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ನನ್ನ ಮಗ ಓದುತ್ತಿದ್ದಾನೆ. ಗಣಿತಕ್ಕೆ ಬಂದಿರುವ ಶಿಕ್ಷಕರಿಗೆ ಕನ್ನಡವೇ ಗೊತ್ತಿಲ್ಲ. ಮಕ್ಕಳು ಸುಮ್ನೆ ಬೋರ್ಡು ನೋಡಿ ಬರೆದುಕೊಳ್ಳುತ್ತಾರೆ.

ಉತ್ತರ: ಶಿಕ್ಷಕರ ಮೇಲೆ ಸಿಟ್ಟು ಬೇಡ, ಅವರಿಗೂ ಇದು ಹಿಂಸೆಯೇ. ಅವರನ್ನು ಅಲ್ಲಿಗೆ ಹಾಕಿದ ವ್ಯವಸ್ಥೆಯನ್ನು ಕೇಳಿ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಕೊಡಬೇಕು ಎನ್ನುತ್ತದೆ ಸಂವಿಧಾನದ 350ಎ ವಿಧಿ. 350ಬಿ ವಿಧಿಯಡಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿದ್ದಾರೆ. ಪೋಷಕರೆಲ್ಲ ಸಹಿ ಮಾಡಿ, ಯಾವ ತರಗತಿ, ಯಾವ ವಿಷಯ, ಯಾವಾಗಿನಿಂದ ಎಂದು ಬರೆದು ಶಿಕ್ಷಣ ಇಲಾಖೆಗೆ, ಜಿಲ್ಲಾಧಿಕಾರಿಗೆ, ಆಯುಕ್ತರಿಗೆ ಮೂರು ಕಡೆಗೂ ಕಳಿಸಿ. ಮಕ್ಕಳ ನೋಟ್‌ಪುಸ್ತಕದ ಎರಡು ಪುಟದ ಜೆರಾಕ್ಸ್ ಜೊತೆಗಿಡಿ. ಭಾಷಣಕ್ಕಿಂತ ಅದು ಹೆಚ್ಚು ಹೇಳುತ್ತದೆ.

ಪ್ರಶ್ನೆ: ನಾನು ನಮ್ಮೂರ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಖಾಸಗಿ ಶಾಲೆಗೆ ಮಕ್ಕಳು ಹೋಗುತ್ತಿದ್ದಾರೆಂದು ನಾವೇ ಓಡಾಡಿ ನಮ್ಮ ಸರ್ಕಾರಿ ಶಾಲೆಗೆ ಇಂಗ್ಲಿಷ್ ಮಾಧ್ಯಮ ತಂದೆವು. ದಾಖಲಾತಿ ಜಾಸ್ತಿ ಆಯಿತು. ಆದರೆ ಮೂರನೇ ತರಗತಿ ಮಕ್ಕಳಿಗೆ ಲೆಕ್ಕ ತಲೆಗೆ ಹೋಗುತ್ತಿಲ್ಲ. ವಾಪಸ್ ಹೋಗಬೇಕಾ? — ರಾಯಚೂರು ಜಿಲ್ಲೆ

ಉತ್ತರ: ಶಾಲೆ ಮುಚ್ಚಬಾರದು ಎಂದು ಓಡಾಡಿದ್ದೀರಿ, ಅದಕ್ಕೆ ನಮಸ್ಕಾರ. 2019ರಲ್ಲಿ ಸರ್ಕಾರ 1000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿದಾಗ ಪೋಷಕರು ಸಾಲುಗಟ್ಟಿ ಬಂದರು. ಕೂಲಿ ಮಾಡುವ ತಂದೆತಾಯಿಗೆ ಇಂಗ್ಲಿಷ್ ಬೇಕು ಅನ್ನಿಸುವುದರಲ್ಲಿ ತಪ್ಪೇನಿಲ್ಲ, ಊರಿನ ಉಳ್ಳವರ ಮಕ್ಕಳೆಲ್ಲ ಅದನ್ನೇ ಓದುತ್ತಿರುವಾಗ ಅವರಿಗೆ ಮಾತ್ರ ಬೇಡ ಎನ್ನುವ ಹಕ್ಕು ನನಗಿಲ್ಲ.

ಆದರೆ ಇಂಗ್ಲಿಷ್ ಕಲಿಯುವುದು ಬೇರೆ, ಇಂಗ್ಲಿಷಿನಲ್ಲಿ ಲೆಕ್ಕ ಕಲಿಯುವುದು ಬೇರೆ. ಒಂದು ಲೆಕ್ಕ ನೋಡಿ. ಒಬ್ಬನ ಹತ್ತಿರ 5 ಪೆನ್ಸಿಲ್, ಇನ್ನೊಬ್ಬಳ ಹತ್ತಿರ 8. ಅವಳ ಹತ್ತಿರ 'ಹೌ ಮೆನಿ ಮೋರ್'? 'ಮೋರ್' ಕಂಡ ಮಕ್ಕಳು ಕೂಡಿಸಿ 13 ಬರೆಯುತ್ತಾರೆ. ಅದೇ ಮಕ್ಕಳ ಕೈಗೆ ನಿಜವಾದ ಪೆನ್ಸಿಲ್ ಕೊಟ್ಟು, 'ಅವಳ ಹತ್ತಿರ ಇವನಿಗಿಂತ ಎಷ್ಟು ಜಾಸ್ತಿ ಅದಾವು?' ಎಂದು ಕೇಳಿ. ಜೋಡಿಸಿ ಇಟ್ಟು, ಉಳಿದ ಮೂರನ್ನು ಎತ್ತಿ ತೋರಿಸುತ್ತಾರೆ. ಲೆಕ್ಕ ಅವರಿಗೆ ಬರುತ್ತದೆ, ಪ್ರಶ್ನೆ ಅವರನ್ನು ತಲುಪಿಲ್ಲ ಅಷ್ಟೇ. ಹೊಸ ಭಾಷೆಯಲ್ಲಿ ಹರಟೆ ಹೊಡೆಯಲು ಎರಡು ವರ್ಷ ಸಾಕು, ಪಾಠ ಅರ್ಥ ಮಾಡಿಕೊಳ್ಳುವ ಮಟ್ಟಕ್ಕೆ ಬರಲು ಐದರಿಂದ ಏಳು ವರ್ಷ ಬೇಕಾಗುತ್ತದೆ ಎಂಬುದು ಮೇಲೆ ಹೇಳಿದ ಕಮಿನ್ಸ್ ಅವರ ಲೆಕ್ಕಾಚಾರ.

ವಿಭಾಗ ಮುಚ್ಚಬೇಡಿ, ಒಳಗಿನ ಕಲಿಕೆ ಬದಲಿಸಿ. ಸರ್ಕಾರ ಕೊಡುವ ಗಣಿತದ ಪುಸ್ತಕದಲ್ಲಿ ಎರಡೂ ಭಾಷೆ ಇವೆ. ಎರಡನ್ನೂ ಓದಿಸಿ. ಮೊದಲು ಕನ್ನಡದಲ್ಲಿ ಮಾಡಿ ನೋಡಲಿ, ಚರ್ಚೆ ಮಾಡಲಿ, ಆಮೇಲೆ ಇಂಗ್ಲಿಷ್ ಹೆಸರು ಬರಲಿ. ಇಂಗ್ಲಿಷಿಗೆ ದಿನಾ ಪ್ರತ್ಯೇಕ ಸಮಯ ಇಟ್ಟು ಹಾಡು, ಕಥೆ, ಮಾತು ಚೆನ್ನಾಗಿ ಮಾಡಿಸಿ. ಶಿಕ್ಷಕರಿಗೆ ನಿಮ್ಮ ಸಮಿತಿ ಬರಹದಲ್ಲಿ ಧೈರ್ಯ ಕೊಡಲಿ, ಕನ್ನಡದಲ್ಲಿ ವಿವರಿಸಿದರೆ ಪೋಷಕರು ಜಗಳಕ್ಕೆ ಬರುತ್ತಾರೆ ಎಂಬ ಹೆದರಿಕೆ ಅವರಿಗಿರುತ್ತದೆ.

ಪ್ರಶ್ನೆ: ನಾನು ತುಳು, ಹೆಂಡತಿ ತೆಲುಗು, ಬೆಂಗಳೂರಿನಲ್ಲಿದ್ದೇವೆ. ಮಗಳಿಗೆ ಮೂರು ವರ್ಷ. ಮನೆಯಲ್ಲಿ ಇಂಗ್ಲಿಷ್ ಮಾತಾಡಿ ಎಂದು ಶಾಲೆಯವರು ಹೇಳಿದ್ದಾರೆ. ಅವಳ ಮಾತೃಭಾಷೆ ಯಾವುದು?

ಉತ್ತರ: ಎರಡೂ. ನೀವು ತುಳುವಿನಲ್ಲೇ ಮಾತಾಡಿ, ಅವರು ತೆಲುಗಿನಲ್ಲಿ. ಪಕ್ಕದ ಮನೆ, ಅಂಗಡಿ, ಆಟದ ಮೈದಾನ ಕನ್ನಡ ಕಲಿಸುತ್ತವೆ. ಮೊದಮೊದಲು ಮಿಶ್ರ ಮಾಡುತ್ತಾಳೆ, ಅದಕ್ಕೆ ಹೆದರಬೇಡಿ. ಶಾಲೆಯ ಮಾತು ಕೇಳಿ ನಿಮಗೇ ಸಲೀಸಲ್ಲದ ಭಾಷೆಯಲ್ಲಿ ಮಗುವನ್ನು ಮುದ್ದು ಮಾಡಲು, ಗದರಲು, ಕಥೆ ಹೇಳಲು ಹೋಗಬೇಡಿ. ಆಗ ಮಾತೇ ಕಡಿಮೆಯಾಗುತ್ತದೆ. ಕರ್ನಾಟಕದಲ್ಲಿ ಆರನೇ ತರಗತಿಯಿಂದ ತುಳುವನ್ನು ಮೂರನೇ ಭಾಷೆಯಾಗಿ ತೆಗೆದುಕೊಳ್ಳುವ ಅವಕಾಶ 2010ರಿಂದ ಇದೆ, ಆದರೆ ಅದು ಕರಾವಳಿಯ ಕೆಲವು ಶಾಲೆಗಳ ಮಾತು. ಬೆಂಗಳೂರಿನಲ್ಲಿ ನಿಮ್ಮ ಮಗಳ ತುಳು ಶಾಲೆ ನೀವೇ.

ಪ್ರಶ್ನೆ: ಇದೆಲ್ಲ ಎಲ್ಲಿಯಾದರೂ ದೊಡ್ಡ ಮಟ್ಟದಲ್ಲಿ ನಡೆದಿದೆಯಾ? ಲಿಪಿಯೇ ಇಲ್ಲದ ಭಾಷೆಗೆ ಪುಸ್ತಕ ಹೇಗೆ? — ಬಿ.ಇಡಿ ವಿದ್ಯಾರ್ಥಿನಿ, ಮೈಸೂರು

ಉತ್ತರ: ನಡೆದಿದೆ, ಅದೂ ಪಕ್ಕದಲ್ಲೇ. ಆಂಧ್ರದಲ್ಲಿ 2004ರ ಸುಮಾರಿಗೆ ಎಂಟು ಬುಡಕಟ್ಟು ಭಾಷೆಗಳಲ್ಲಿ ಪಾಠ ಶುರುವಾಯಿತು, ಅದರಲ್ಲಿ ನಮ್ಮ ಲಂಬಾಣಿಯೂ ಒಂದು. ಒಡಿಶಾ 2007ರ ಹೊತ್ತಿಗೆ ಸಂತಾಲಿ, ಸೌರಾ, ಕುವಿ, ಕೋಯಾ ಸೇರಿ ಹತ್ತು ಭಾಷೆಗಳಲ್ಲಿ ಆರಂಭಿಸಿ, ಮುಂದೆ ಇಪ್ಪತ್ತೊಂದಕ್ಕೆ ಒಯ್ದಿತು. ಅದೇ ಸಮುದಾಯದ ಯುವಕ ಯುವತಿಯರನ್ನು ಶಿಕ್ಷಕರಾಗಿ ತೆಗೆದುಕೊಂಡರು. ನಮ್ಮಲ್ಲಿ ಇದು ಯಾಕೆ ಆಗಬಾರದು ಎಂದು ನಾನು ಹೋದಲ್ಲೆಲ್ಲ ಕೇಳುತ್ತೇನೆ.

ಎಡವಿದ ಉದಾಹರಣೆಯೂ ಗೊತ್ತಿರಲಿ. ಫಿಲಿಪ್ಪೀನ್ಸ್ 2012ರಲ್ಲಿ ದೇಶಕ್ಕೆಲ್ಲ ಮೂರನೇ ತರಗತಿವರೆಗೆ ಮಾತೃಭಾಷಾ ಮಾಧ್ಯಮ ತಂದಿತು, 2024ರಲ್ಲಿ ಕಾನೂನು ಮಾಡಿ ಆ ಕಡ್ಡಾಯವನ್ನು ತೆಗೆದುಹಾಕಿತು. ಪುಸ್ತಕ ಸಾಲಲಿಲ್ಲ, ಶಿಕ್ಷಕರ ತರಬೇತಿ ಸಾಲಲಿಲ್ಲ, ಒಂದೇ ತರಗತಿಯಲ್ಲಿ ನಾಲ್ಕಾರು ಭಾಷೆಯ ಮಕ್ಕಳಿದ್ದ ಕಡೆ ಏನು ಮಾಡಬೇಕೆಂದು ತಿಳಿಯಲಿಲ್ಲ. ನಮ್ಮ 2020ರ ಶಿಕ್ಷಣ ನೀತಿಯೂ ಕನಿಷ್ಠ ಐದನೇ ತರಗತಿವರೆಗೆ ಸಾಧ್ಯವಾದಲ್ಲೆಲ್ಲ ಮನೆಮಾತು ಎನ್ನುತ್ತದೆ. ಪುಸ್ತಕ, ಶಿಕ್ಷಕರು, ದುಡ್ಡು ಮೂರೂ ಇಲ್ಲದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ.

ಲಿಪಿ ದೊಡ್ಡ ಅಡ್ಡಿಯಲ್ಲ. ಆಂಧ್ರದಲ್ಲಿ ತೆಲುಗು ಲಿಪಿ ಬಳಸಿದರು. ಒಡಿಶಾದಲ್ಲಿ ಹೆಚ್ಚಿನ ಭಾಷೆಗಳಿಗೆ ಒಡಿಯಾ ಲಿಪಿ. ನಮ್ಮಲ್ಲಿ ಕೊಂಕಣಿ, ತುಳು ಎರಡನ್ನೂ ಕನ್ನಡ ಲಿಪಿಯಲ್ಲಿ ಬರೆಯುತ್ತೇವಲ್ಲ. ಮಗುವಿಗೆ ಇದರಿಂದ ಲಾಭವೇ, ಮುಂದೆ ಕನ್ನಡ ಓದಲು ಅಕ್ಷರ ಹೊಸದಾಗಿ ಕಲಿಯಬೇಕಿಲ್ಲ. ನಿಮ್ಮ ತರಬೇತಿ ಶಾಲೆಯಲ್ಲಿ ಬೇರೆ ಮನೆಮಾತಿನ ಮಕ್ಕಳಿದ್ದರೆ ಈಗಲೇ ಶುರು ಮಾಡಿ. ಊರಿನ ಅಜ್ಜಿಯರಿಂದ ಒಂದು ಕಥೆ ಕೇಳಿ ಬರೆದುಕೊಳ್ಳಿ, ಮಕ್ಕಳಿಂದ ಚಿತ್ರ ಬಿಡಿಸಿ, ಎಂಟು ಪುಟದ ಪುಸ್ತಕ ಹೊಲಿಯಿರಿ. ಕನ್ನಡದಲ್ಲಿ ಇಲ್ಲದ ಉಚ್ಚಾರ ಬಂದರೆ ಅಕ್ಷರಕ್ಕೆ ಒಂದು ಗುರುತು ಹಾಕಿ, ಎಲ್ಲ ಪುಸ್ತಕಗಳಲ್ಲೂ ಅದೇ ಗುರುತು ಇರಲಿ. ಅಚ್ಚು ಹಾಕಿಸುವ ಮೊದಲು ಆ ಭಾಷೆಯವರು ಇಬ್ಬರು ಮೂವರಿಂದ ಓದಿಸಿ ತಿದ್ದಿಸಿ.