ಪಶ್ಚಾತ್ತಾಪ ನಿಜವೋ ನಾಟಕವೋ ತಿಳಿಯದೆ ಕ್ಷಮಿಸುವುದು ಹೇಗೆ?

ಸುಳ್ಳು ಹೇಳಿ ಹಣ ಪಡೆದ ಗೆಳೆಯ ಈಗ ಕ್ಷಮೆ ಕೇಳುತ್ತಿದ್ದಾನೆ, ಅವನ ಪಶ್ಚಾತ್ತಾಪ ನಿಜವೆಂದು ಖಚಿತಪಡಿಸಿಕೊಳ್ಳದೆ ಕ್ರೈಸ್ತರಾದ ನೀವು ಕ್ಷಮಿಸಬಹುದೇ ಎಂದು ಕೇಳಿದ್ದೀರಿ. ಒಂಬತ್ತು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ನಾನು ನಮ್ಮ ಸಭಾಪಾಲಕರಿಗೆ ಕೇಳಿದ್ದೆ. ಅವರ ಉತ್ತರ ಕೇಳುವಷ್ಟು ತಾಳ್ಮೆ ಮಾತ್ರ ಇರಲಿಲ್ಲ.

ನನ್ನ ವಿಷಯದಲ್ಲಿ ಅದು ನನ್ನ ತಮ್ಮ. ಓದಿಗೆಂದು ಹೇಳಿ ನನ್ನಿಂದ ಹಣ ಪಡೆದು ಮೊಬೈಲಿನ ಜೂಜಿನಲ್ಲಿ ಕಳೆದಿದ್ದ. ಸುದ್ದಿ ನನ್ನ ಕಿವಿಗೆ ಬಿದ್ದ ಮೂರನೆಯ ದಿನ ತಾನಾಗಿಯೇ ಬಂದ. ಕುಳಿತುಕೊಳ್ಳಲಿಲ್ಲ. “ಅಣ್ಣ, ತಪ್ಪಾಯಿತು. ನಿನಗೆ ಸುಳ್ಳು ಹೇಳಿದೆ. ಕ್ಷಮಿಸು” ಎಂದ. ಅಷ್ಟೇ. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಮಾತನಾಡುವಷ್ಟು ಹೊತ್ತೂ ಬೈಕಿನ ಕೀಲಿಯನ್ನು ಬೆರಳಿನಲ್ಲಿ ತಿರುಗಿಸುತ್ತಿದ್ದ. ಆ ಕೀಲಿಯನ್ನು ನೋಡಿಯೇ ನಾನು ತೀರ್ಮಾನಿಸಿಬಿಟ್ಟೆ: ಇವನಿಗೆ ಪಶ್ಚಾತ್ತಾಪವಾಗಿಲ್ಲ, ಬೇಗ ಮುಗಿಸಿ ಹೋಗುವ ಆತುರ. “ಕ್ಷಮಿಸಿದ್ದೇನೆ, ಹೋಗು” ಎಂದೆ. ಬಾಯಿ ಹೇಳಿದ್ದನ್ನು ಮನಸ್ಸು ಆಗಲೇ ತಿದ್ದುತ್ತಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬರೀ ಒಬ್ಬ ಮುನಿಸಿಕೊಂಡ ಅಣ್ಣನಾಗಿರುತ್ತಿದ್ದೆ. ಆ ಬುಧವಾರ ನಮ್ಮ ಬೈಬಲ್ ಅಧ್ಯಯನದ ಕೂಟದಲ್ಲಿ ಹನ್ನೊಂದು ಜನರಿದ್ದರು. ಕೊನೆಯಲ್ಲಿ ಎಂದಿನಂತೆ “ಪ್ರಾರ್ಥನಾ ವಿಷಯಗಳಿದ್ದರೆ ಹೇಳಿ” ಎಂದರು. ನಾನು ಹೇಳಿದೆ: “ನನ್ನ ತಮ್ಮನಿಗೆ ನಿಜವಾದ ಪಶ್ಚಾತ್ತಾಪ ಬರಲೆಂದು ಪ್ರಾರ್ಥಿಸಿ.”

ಈ ವಾಕ್ಯವನ್ನು ಆಮೇಲೆ ಎಷ್ಟು ಸಲ ಬಿಡಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಹೆಸರು ಹೇಳಲಿಲ್ಲ ಎಂದು ಮೊದಲು ಸಮಾಧಾನ ಮಾಡಿಕೊಂಡೆ. ನನಗಿರುವುದು ಒಬ್ಬನೇ ತಮ್ಮ. ಏನು ಮಾಡಿದನೆಂದು ನಾನಾಗಿ ಹೇಳಲಿಲ್ಲ ಎಂದುಕೊಂಡೆ. ಆದರೆ “ಏನಾಯಿತು?” ಎಂದು ಒಬ್ಬರು ಮೆಲ್ಲಗೆ ಕೇಳಿದಾಗ ಹಣ, ಸುಳ್ಳು, ಜೂಜು, ಆ ಕೀಲಿ ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ, ಪ್ರಾರ್ಥನೆ ಸ್ಪಷ್ಟವಾಗಿರಬೇಕಲ್ಲ! ಚಾಡಿ ಹೇಳಿದ್ದರೆ ಯಾರಾದರೂ ತಡೆಯುತ್ತಿದ್ದರೇನೋ. ಪ್ರಾರ್ಥನೆಯ ಹೊದಿಕೆ ಹಾಕಿದ್ದರಿಂದ ಎಲ್ಲರೂ ಕಣ್ಣು ಮುಚ್ಚಿ ‘ಆಮೆನ್’ ಎಂದರು. ಇಷ್ಟರಲ್ಲಿ ಎಲ್ಲಕ್ಕಿಂತ ಕೆಟ್ಟ ಪದ ‘ನಿಜವಾದ’. ನನಗೆ ಸುಳ್ಳು ಹೇಳಿದ್ದು ನನಗೂ ಅವನಿಗೂ ನಡುವಿನ ಸಾಲ, ಅದನ್ನು ಮನ್ನಾ ಮಾಡುವ ಹಕ್ಕು ನನಗಿತ್ತು. ಅವನೊಳಗಿನ ಪಶ್ಚಾತ್ತಾಪ ಅಸಲಿಯೋ ನಕಲಿಯೋ ಎಂದು ಮುದ್ರೆ ಒತ್ತುವ ಹಕ್ಕನ್ನು ಯಾರೂ ಕೊಟ್ಟಿರಲಿಲ್ಲ. ನನ್ನ ಪಾಲಿನ ಕೆಲಸವನ್ನು ಅರೆಬರೆ ಮಾಡಿ, ದೇವರ ಪಾಲಿನ ಕೆಲಸವನ್ನು ಹನ್ನೊಂದು ಜನರ ಮುಂದೆ ಮಾಡಿ ಮುಗಿಸಿದೆ.

ಭಾನುವಾರ ಆರಾಧನೆ ಮುಗಿದ ಮೇಲೆ ಒಬ್ಬ ಹಿರಿಯರು ತಮ್ಮನ ಹೆಗಲ ಮೇಲೆ ಕೈಯಿಟ್ಟು, “ಆ ಚಟದಿಂದ ಬಿಡುಗಡೆಯಾಗಲೆಂದು ನಿನಗಾಗಿ ಪ್ರಾರ್ಥಿಸುತ್ತಿದ್ದೇವೆ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅವನು ಅವರ ಭುಜದಾಚೆಯಿಂದ ನನ್ನನ್ನು ನೋಡಿದ. ಅದಾದ ಮೇಲೆ ಅವನು ಸಭೆಗೆ ಬರಲಿಲ್ಲ, ನನ್ನ ಕರೆಗಳನ್ನು ಎತ್ತಲಿಲ್ಲ. ಹಾಗೆ ಏಳು ವರ್ಷ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೊದಲು ಖಚಿತಪಡಿಸಿಕೊಂಡು ಆಮೇಲೆ ಕ್ಷಮಿಸುತ್ತೇನೆ ಎಂಬ ನಿಮ್ಮ ಲೆಕ್ಕವೇ ತಪ್ಪು. ಲೂಕ 17:4 ತೆಗೆದು ಓದಿ. ಒಬ್ಬನು ದಿನಕ್ಕೆ ಏಳು ಸಲ ತಪ್ಪು ಮಾಡಿ, ಏಳು ಸಲವೂ ತಿರುಗಿ ಬಂದು ಪಶ್ಚಾತ್ತಾಪಪಡುತ್ತೇನೆ ಎಂದರೆ ಕ್ಷಮಿಸಬೇಕು ಎಂದಿದೆ. ಬೆಳಗಿನಿಂದ ಸಂಜೆಯೊಳಗೆ ಏಳನೆಯ ಸಲ ಬಂದು ನಿಂತವನ ಪಶ್ಚಾತ್ತಾಪದ ಗುಣಮಟ್ಟ ಎಂಥದ್ದಿರಬಹುದು? ನೀವಾದರೂ ನಾನಾದರೂ ಮೂರನೆಯ ಸಲಕ್ಕೇ ಬಾಗಿಲು ಹಾಕುತ್ತಿದ್ದೆವು. ಅಲ್ಲಿ ಕೇಳಿರುವುದು ಅವನ ಬಾಯಿಮಾತು ಮಾತ್ರ. ಅದನ್ನು ಒರೆಗೆ ಹಚ್ಚುವ ಕೆಲಸ ನಮಗೆ ಬಂದಿಲ್ಲ.

ಮತ್ತಾಯ 18ನೆಯ ಅಧ್ಯಾಯದಲ್ಲಿ ಹತ್ತು ಸಾವಿರ ತಲಾಂತು ಸಾಲ ಮಾಡಿದ ಆಳು ಅರಸನ ಮುಂದೆ ಅಡ್ಡಬಿದ್ದು, ತಾಳಿಕೊಳ್ಳಿ, ಎಲ್ಲವನ್ನೂ ತೀರಿಸುತ್ತೇನೆ ಎನ್ನುತ್ತಾನೆ. ಒಂದು ತಲಾಂತು ಎಂದರೆ ಸುಮಾರು 6,000 ದಿನಾರಿ, ಒಂದು ದಿನಾರಿ ಕೂಲಿಯವನ ಒಂದು ದಿನದ ಸಂಬಳ. ಒಂದು ದಿನವೂ ಬಿಡದೆ ದುಡಿದರೂ 1,60,000 ವರ್ಷಗಳಿಗೂ ಮಿಗಿಲಾದ ಸಾಲ! ತೀರಿಸುತ್ತೇನೆ ಎಂಬ ಮಾತು ಹಸಿ ಸುಳ್ಳೆಂದು ಅರಸನಿಗೆ ಗೊತ್ತಿಲ್ಲವೇ? ಆದರೂ ಬಿಟ್ಟ. ಆಮೇಲೆ ಮನ್ನಾ ರದ್ದಾಗುತ್ತದಲ್ಲ ಎಂದು ನೀವು ಕೇಳಬಹುದು. ರದ್ದಾದದ್ದು ಏಕೆಂದು ನೋಡಿ: ಹೊರಗೆ ಬಂದವನು ತನಗೆ 100 ದಿನಾರಿ ಕೊಡಬೇಕಿದ್ದ ಜೊತೆಯಾಳಿನ ಕುತ್ತಿಗೆ ಹಿಡಿದ. ಆ ಕಥೆಯಲ್ಲಿ ನಾನು ಯಾರೆಂಬುದು ಬಹಳ ದಿನ ನನಗೆ ಹೊಳೆದಿರಲಿಲ್ಲ, ಅರಸನೇ ಇರಬೇಕು ಎಂದುಕೊಂಡಿದ್ದೆ.

ಅದೇ ಅಧ್ಯಾಯದ 15ನೆಯ ವಚನ ಇನ್ನೂ ಸರಳ. ನಿನ್ನ ಸಹೋದರ ತಪ್ಪು ಮಾಡಿದರೆ ಹೋಗಿ, ನೀವಿಬ್ಬರೇ ಇರುವಾಗ ಅವನಿಗೆ ತಿಳಿಸು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಸಭೆಯ ಮಾತು ಆಮೇಲಿನದು. ನಾನು ಮೊದಲ ಮೆಟ್ಟಿಲಿನ ಮೇಲೇ ತಪ್ಪೊಪ್ಪಿಕೊಂಡು ನಿಂತಿದ್ದವನನ್ನು ನೇರವಾಗಿ ಮೂರನೆಯದಕ್ಕೆ ಎಳೆದುಕೊಂಡು ಹೋದೆ.

ಹಾಗಾದರೆ ಕಣ್ಣು ಮುಚ್ಚಿಕೊಂಡಿರಬೇಕೇ? ಬೇಡ. ಅವನಿಗೆ ಮತ್ತೆ ಹಣ ಕೊಡಬೇಡಿ. ಕ್ಷಮೆ ಬೇರೆ, ನಂಬಿಕೆ ಬೇರೆ, ನಂಬಿಕೆ ಮರಳಿ ಬೆಳೆಯಲು ವರ್ಷಗಳು ಹಿಡಿದರೂ ತಪ್ಪಿಲ್ಲ. ಅಪರಾಧ ನಡೆದಿದ್ದರೆ ಕ್ಷಮೆಯ ಹೆಸರಿನಲ್ಲಿ ಅದನ್ನು ಮುಚ್ಚಿಡುವ ಸಭೆಗಳ ಬಗ್ಗೆ ನನಗೆ ಎಳ್ಳಷ್ಟೂ ಗೌರವವಿಲ್ಲ. ಮತ್ತಾಯ 7ರಲ್ಲಿ ‘ತೀರ್ಪು ಮಾಡಬೇಡಿರಿ’ ಎಂದಿರುವಲ್ಲಿ ಬಳಸಿರುವ ಗ್ರೀಕ್ ಕ್ರಿಯಾಪದ ‘ಕ್ರಿನೊ’. ಅದಕ್ಕೆ ಬೇರ್ಪಡಿಸಿ ನೋಡುವುದು ಎಂಬ ಅರ್ಥವೂ ಉಂಟು, ದಂಡನೆ ವಿಧಿಸುವುದು ಎಂಬ ಅರ್ಥವೂ ಉಂಟು. ಕನ್ನಡದ ‘ತೀರ್ಪು’ ಪದವೇ ನನಗೆ ಹೆಚ್ಚು ತಿಳಿಸಿಕೊಟ್ಟಿತು, ಏಕೆಂದರೆ ಅದರೊಳಗೆ ‘ತೀರು’ ಕುಳಿತಿದೆ. ನಿನ್ನ ಕಥೆ ತೀರಿತು, ನೀನು ಇಂಥವನೇ ಎಂದು ಒಬ್ಬನನ್ನು ಮುಗಿಸಿಬಿಡುವುದು. ತಪ್ಪನ್ನು ತಪ್ಪು ಎನ್ನುವುದು ಬೇರೆ ಮಾತು. ಜೂಜು ಆಡಿದೆ, ಸುಳ್ಳು ಹೇಳಿದೆ ಎಂದು ಅವನ ಮುಖಕ್ಕೆ ಹೇಳಿದ್ದರೆ ತಮ್ಮನೇನೂ ಬೇಸರಪಡುತ್ತಿರಲಿಲ್ಲ. ಅವನೇ ಹೇಳಿಕೊಂಡಿದ್ದನಲ್ಲ.

ನಮ್ಮ ಕೂಟದಲ್ಲಿ ವಯಸ್ಸಾದ ತಾಯಿಯೊಬ್ಬರಿದ್ದರು. ತಮ್ಮ ದೂರವಾದ ಮೇಲೆ ನಾನು ಅವರ ಬಳಿ ಗೋಳು ತೋಡಿಕೊಂಡಾಗ, ನಾಲ್ಕನೆಯ ಶತಮಾನದ ಈಜಿಪ್ಟಿನ ಮರುಭೂಮಿಯಲ್ಲಿದ್ದ ಮೋಶೆ ಎಂಬ ಸನ್ಯಾಸಿಯ ಕಥೆ ಹೇಳಿದರು. ಸನ್ಯಾಸಿಯಾಗುವ ಮೊದಲು ಆತ ದರೋಡೆಕೋರ. ತಪ್ಪು ಮಾಡಿದ ಸಹೋದರನೊಬ್ಬನ ವಿಚಾರಣೆಗೆ ಕರೆದಾಗ, ತೂತಾದ ಬುಟ್ಟಿಯಲ್ಲಿ ಮರಳು ತುಂಬಿಕೊಂಡು ಬೆನ್ನ ಮೇಲೆ ಹೊತ್ತು ಹೋದನಂತೆ. ಏನಿದು ಎಂದರೆ, ನನ್ನ ಪಾಪಗಳು ಹಿಂದೆ ಸುರಿಯುತ್ತಿವೆ, ನನಗೆ ಕಾಣುತ್ತಿಲ್ಲ, ಇನ್ನೊಬ್ಬನ ತಪ್ಪಿಗೆ ತೀರ್ಪು ಕೊಡಲು ಬಂದಿದ್ದೇನೆ ಎಂದನಂತೆ. ಕಥೆ ಮುಗಿಸಿದ ಆ ತಾಯಿ, “ಅವತ್ತು ನಾನೂ ಆಮೆನ್ ಎಂದೆನಪ್ಪ” ಎಂದರು.

ತಮ್ಮನಿಗೆ ಆ ದಿನ ನಿಜವಾಗಿಯೂ ಪಶ್ಚಾತ್ತಾಪವಾಗಿತ್ತೇ? ಗೊತ್ತಿಲ್ಲ. ಆಗಿತ್ತು, ನಾನೇ ಕುರುಡನಾಗಿದ್ದೆ ಎಂದು ಬರೆದರೆ ಕಥೆಗೆ ಒಪ್ಪುತ್ತದೆ, ಆದರೆ ಅದೂ ಇನ್ನೊಂದು ತೀರ್ಪೇ. ಕೀಲಿ ತಿರುಗಿಸುತ್ತಿದ್ದುದು ಆತುರಕ್ಕೋ, ಕೈ ನಡುಗುವುದು ಕಾಣದಿರಲೆಂದೋ, ನನಗೆ ತಿಳಿಯದು.

ನಿಮ್ಮ ಗೆಳೆಯನಿಗೆ ಇವತ್ತೇ ಫೋನ್ ಮಾಡಿ. ಯಾರಿಗೂ ಹೇಳದೆ ಮಾಡಿ, ಪ್ರಾರ್ಥನಾ ಕೂಟಕ್ಕಂತೂ ಬೇಡವೇ ಬೇಡ.

ಎರಡು ವರ್ಷಗಳ ಹಿಂದೆ ನಾನು ತಮ್ಮನಿಗೆ ಕಾಗದ ಬರೆದೆ. ಬುಧವಾರದ ಕೂಟದಲ್ಲಿ ಹೇಳಿದ್ದನ್ನೆಲ್ಲ ಒಂದೊಂದಾಗಿ ಬರೆದು ಕ್ಷಮೆ ಕೇಳಿದೆ. ಮೂರು ವಾರ ಬಿಟ್ಟು ಮೊಬೈಲಿಗೆ ಒಂದು ಸಾಲು ಬಂತು: “ಅಣ್ಣ, ಇದನ್ನು ನಿಜವಾಗಿ ಹೇಳುತ್ತಿದ್ದೀಯಾ?”

ಹೌದು ಎಂದು ಬರೆದು ಕಳುಹಿಸಿದೆ. ಪುರಾವೆಯಾಗಿ ಏನನ್ನಾದರೂ ಸೇರಿಸೋಣವೆಂದು ಬಹಳ ಹೊತ್ತು ಯೋಚಿಸಿದೆ, ಏನೂ ಸಿಗಲಿಲ್ಲ.