ನಿಮ್ಮ ಜಯನಗರ ಲೇಖನದ ಬಗ್ಗೆ

ನಮಸ್ಕಾರ. ಲೇಖನ ಪೂರ್ತಿ ಓದಿದೆ. ಈಗಿರೋ ಹಾಗೆ ಹಾಕೋಕಾಗಲ್ಲ, ಯಾಕೆ ಅಂತ ನೇರವಾಗೇ ಹೇಳ್ತೀನಿ.

ಜಯನಗರನ ಪ್ಲ್ಯಾನ್ ಮಾಡಿ ಕಟ್ಟಿದ್ರಿಂದ ಅಲ್ಲಿ ಎಲ್ಲಾ ಥರದ ಜನ ಒಟ್ಟಿಗೆ ಬಾಳ್ತಾರೆ, ಯಾವುದಕ್ಕೂ ಹೊರಗೆ ಹೋಗ್ಬೇಕಾಗಿಲ್ಲ ಅಂತೀರ. ಅದಕ್ಕೆ ಕೊಟ್ಟಿರೋದೆಲ್ಲಾ ನಕ್ಷೆ ನೋಡಿ ಬರೆದದ್ದು: 1948ರಲ್ಲಿ ರಾಜಾಜಿ ಬಂದು ಶಂಕುಸ್ಥಾಪನೆ ಮಾಡಿದ್ದು, ಅಶೋಕ ಪಿಲ್ಲರ್, ಬ್ಲಾಕುಗಳು, ಪಾರ್ಕು, ಫೋರ್ತ್ ಬ್ಲಾಕ್ ಕಾಂಪ್ಲೆಕ್ಸು. ಮರದ ನೆರಳಲ್ಲಿ ನಡ್ಕೊಂಡು ಹೋಗಿ ತರಕಾರಿ ತರೋ ಸುಖ ಆ ಪ್ಲ್ಯಾನಿಂದ್ಲೇ ಬಂದಿದ್ದು, ಒಪ್ತೀನಿ. ಆದ್ರೆ ನ್ಯೂಯಾರ್ಕಿನ ಪ್ಲ್ಯಾನರ್ ಕ್ಲಾರೆನ್ಸ್ ಪೆರ್ರಿ 1929ರಲ್ಲಿ ಹೇಳಿದ್ದನ್ನ, ಅಂದ್ರೆ ಮಧ್ಯದಲ್ಲಿ ಸ್ಕೂಲಿಟ್ಟು ಮಕ್ಕಳು ದೊಡ್ಡ ರೋಡ್ ದಾಟದೇ ಹೋಗಿಬರೋ ಥರ ಬಡಾವಣೆ ಮಾಡ್ಬೇಕು ಅನ್ನೋದನ್ನ, ಇಲ್ಲಿ ಆಗೇ ಹೋಗಿದೆ ಅನ್ನೋ ಹಾಗೆ ಬರೆದಿದ್ದೀರ. ಬೆಳಿಗ್ಗೆ ಸೌತ್ ಎಂಡ್ ಸರ್ಕಲ್ಲಲ್ಲಿ ನಿಂತು ಸ್ಕೂಲ್ ವ್ಯಾನುಗಳನ್ನ ನೋಡಿ, ಪಕ್ಕದಲ್ಲೇ ಸ್ಕೂಲಿದ್ರೂ ಅಪ್ಪ ಅಮ್ಮ ತಮಗೆ ಬೇಕಾದ್ ಕಡೆಗೇ ಕಳಿಸ್ತಾರೆ.

ಹೀಗೇ ಪ್ಲ್ಯಾನ್ ಮಾಡಿ ಕಟ್ಟಿದ ಊರು ಅಂತ ಕೊಟ್ಟಿರೋ ಚಂಡೀಗಢದ ಉದಾಹರಣೆನೂ ಅರ್ಧ ಹೇಳಿ ಬಿಟ್ಟಿದ್ದೀರ. 800 ಮೀಟರ್ ಅಗಲ 1200 ಮೀಟರ್ ಉದ್ದದ ಸೆಕ್ಟರೊಳಗೇ ಅಂಗಡಿ, ಸ್ಕೂಲು ಎಲ್ಲಾ ಇಟ್ರು ನಿಜ, ಆದ್ರೆ ಸರ್ಕಾರಿ ಮನೆ ಹಂಚಿದ್ದು ಸಂಬಳದ ದರ್ಜೆ ನೋಡಿ, ಊರು ಕಟ್ಟಿದ ಕೂಲಿಯವರು ಎಲ್ಲಿರ್ಬೇಕು ಅಂತ ಸರಿಯಾಗಿ ಯೋಚ್ನೆನೇ ಮಾಡ್ಲಿಲ್ಲ. ಒಟ್ಟಿಗೆ ಬಾಳೋದು ಅಂದ್ರೆ ಇದೇನಾ?

ನನಗೆ ನಿಜವಾಗ್ಲೂ ಹಿಡಿಸಿದ್ದು ಮೂರನೇ ಪುಟದಲ್ಲಿ ಎರಡೇ ಸಾಲಲ್ಲಿ ಬಂದು ಹೋಗೋ ಹೂವಿನ ಅಜ್ಜಿ. ಕಾಂಪ್ಲೆಕ್ಸ್ ಹೊರಗೆ ಫುಟ್‌ಪಾತಲ್ಲಿ ಗೋಣಿಚೀಲ ಹಾಸ್ಕೊಂಡು, ಬುಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ, ಮೊಳ ಹಾಕ್ತಾ ಹಾಕ್ತಾ ಗಿರಾಕಿ ಹತ್ರ "ಮಗಳಿಗೆ ಗಂಡು ಸಿಕ್ತೇನಮ್ಮ" ಅಂತ ಕೇಳ್ತಾರೆ. ನೀವು ಹುಡುಕ್ತಿರೋ ಸಮುದಾಯ ಅಲ್ಲೇ ಇದೆ, ಪ್ಲ್ಯಾನಲ್ಲಿ ಇಲ್ದೇ ಇರೋ ಜಾಗದಲ್ಲಿ. ರಾತ್ರಿ ಅವರು ಬಸ್ ಹತ್ತಿ ಎಲ್ಲಿಗೆ ಹೋಗ್ತಾರೆ, ಬಾಡಿಗೆ ಎಷ್ಟು, ಜಯನಗರದಲ್ಲೇ ಒಂದು ರೂಮ್ ಸಿಗತ್ತಾ ಅಂತ ಕೇಳಿದ್ರಾ? ಕೇಳಿಲ್ಲ ಅನ್ಸತ್ತೆ, ಕೇಳಿದ್ರೆ ಮೊದಲೆರಡು ಪುಟ ನೀವೇ ಹರಿದು ಹಾಕ್ತಿದ್ರಿ. ಹಾಗೇ ಭೈರಸಂದ್ರ, ಯಡಿಯೂರು ಕಡೆ ಹೋಗಿ, ಬ್ಲಾಕು ಬರೋಕೆ ಮುಂಚೆನೇ ಇದ್ದ ಊರುಗಳವು, ಅಲ್ಲಿನ ಹಳೇ ಮನೆಯವರನ್ನ ಮಾತಾಡಿಸಿ.

ಅಜ್ಜಿಯಿಂದ ಶುರು ಮಾಡಿ ಇನ್ನೊಮ್ಮೆ ಬರೆದು ಕಳ್ಸಿ, ಖಂಡಿತ ಓದ್ತೀನಿ. ನಕ್ಷೆ ಫೋಟೋ ಬೇಡ, ಅಜ್ಜಿ ಹೆಸರು ಹಾಕೋದಾದ್ರೆ ಅವರನ್ನ ಕೇಳ್ಕೊಂಡೇ ಹಾಕಿ.